ಬೀಗ ಬಿದ್ದ ಭಟ್ಟಿಯೋ, ಹೆಸರಿಲ್ಲದ ಪೀಪಾಯಿಯೋ

ಸ್ಕಾಟ್ಲೆಂಡಿನ ಸ್ಪೇ ನದಿಗೆ ಫಿಡಿಕ್ ಎಂಬ ಹೊಳೆ ಬಂದು ಸೇರುವಲ್ಲಿ ಕ್ರೇಗೆಲಾಕಿ ಎಂಬ ಸಣ್ಣ ಊರಿದೆ. ಸುತ್ತಲಿನ ಸ್ಪೇಸೈಡ್ ಸೀಮೆಯಲ್ಲಿ ಸುಮಾರು 50 ವಿಸ್ಕಿ ಡಿಸ್ಟಿಲರಿಗಳಿವೆ. ಊರಿನ ಹಳೆಯ ಹೋಟೆಲಿನಲ್ಲಿ ಕ್ವೇಖ್ ಎಂಬ ಬಾರ್ ಇದೆ. ಕ್ವೇಖ್ ಎಂದರೆ ಎರಡು ಹಿಡಿಗಳ ಆಳವಿಲ್ಲದ ಬಟ್ಟಲು, ಅಲ್ಲಿಯವರು ಅತಿಥಿಗಳಿಗೆ ಪಾನೀಯ ಕೊಡುತ್ತಿದ್ದ ಪಾತ್ರೆ. ಆ ಬಾರಿನ ಗೋಡೆಗಳ ತುಂಬ ಸಾವಿರದಷ್ಟು ಬಾಟಲಿಗಳು. ಗ್ಲಾಸ್ಗೋ ನಗರದ ಹೋಪ್ ಸ್ಟ್ರೀಟಿನಲ್ಲಿರುವ ಪಾಟ್ ಸ್ಟಿಲ್ ಪಬ್ಬಿನಲ್ಲೂ ನೂರಾರು ಬಗೆ. ಇಂಥ ಜಾಗಕ್ಕೆ ಕುತೂಹಲದಿಂದ ಹೋದವರು, ನಾಲಿಗೆಗೆ ರುಚಿ ಗೊತ್ತಾಗುವ ಸ್ಥಿತಿಯಲ್ಲೇ ಎದ್ದು ಬರಬೇಕೆಂದರೆ, ಒಂದು ಸಂಜೆಗೆ ಮೂರು ಸಣ್ಣ ಲೋಟ ಕುಡಿಯಬಹುದು, ಅಷ್ಟೆ. ಸಾವಿರದಲ್ಲಿ ಮೂರು ಯಾವುವು? ಹೆಚ್ಚಿನವರ ಕಣ್ಣು ಹೋಗುವುದು ಎಲ್ಲಕ್ಕಿಂತ ಮೇಲಿನ ಅಟ್ಟದ ಕಡೆಗೆ: ಮುಚ್ಚಿಹೋದ ಡಿಸ್ಟಿಲರಿಯ ಹೆಸರು, 30 ಅಥವಾ 40 ಎಂಬ ವಯಸ್ಸು, ಎದೆ ಝಲ್ಲೆನ್ನಿಸುವ ಬೆಲೆ. ಅದು ತಪ್ಪು ಆಯ್ಕೆ ಎಂದು ನನಗೆ ಅನ್ನಿಸುತ್ತದೆ. ಇಂಥ ಪಬ್ಬು ಮಾತ್ರ ಕೊಡಬಲ್ಲ ಅಪರೂಪ ಅದಕ್ಕಿಂತ ಕೆಳಗಿನ ಸಾಲುಗಳಲ್ಲಿ, ಯಾರೂ ಕೇಳದ ಹೆಸರುಗಳ ನಡುವೆ ಇರುತ್ತದೆ.

ಮೇಲಿನ ಅಟ್ಟಕ್ಕೆ ಆ ಬೆಲೆ ಬಂದದ್ದು ಹೇಗೆ ಎಂದು ನೋಡಿದರೆ ಕಾರಣ ಗೊತ್ತಾಗುತ್ತದೆ. ಐಲಾ ದ್ವೀಪದ ಪೋರ್ಟ್ ಎಲೆನ್ ಇವತ್ತು ವಿಸ್ಕಿ ಸಂಗ್ರಾಹಕರ ಬಾಯಲ್ಲಿ ಮಂತ್ರದಂತಿರುವ ಹೆಸರು. ಆದರೆ ಅದು ಕೆಲಸ ಮಾಡುತ್ತಿದ್ದಾಗ ಅದರ ಮಾಲ್ಟನ್ನು ಪ್ರತ್ಯೇಕವಾಗಿ ಬಾಟಲಿಗೆ ತುಂಬಿ ಮಾರಬೇಕೆಂದು ಮಾಲೀಕರಿಗೆ ಅಷ್ಟಾಗಿ ಅನ್ನಿಸಿರಲಿಲ್ಲ. ಆ ಹೊಗೆ ವಾಸನೆಯ ವಿಸ್ಕಿ ಹಲವು ಡಿಸ್ಟಿಲರಿಗಳದನ್ನು ಬೆರೆಸಿ ಮಾಡುವ ಬ್ಲೆಂಡ್‌ಗಳಿಗೆ ಹೋಗುತ್ತಿತ್ತು. 1980ರ ಸುಮಾರಿಗೆ ಬೇಡಿಕೆ ಕುಸಿಯಿತು, ಗೋದಾಮುಗಳಲ್ಲಿ ವಿಸ್ಕಿ ಕೆರೆಯಂತೆ ನಿಂತಿತು. 1983ರಲ್ಲಿ ಪೋರ್ಟ್ ಎಲೆನ್ನಿನ ಮಾಲೀಕನಾದ ಡಿಸ್ಟಿಲರ್ಸ್ ಕಂಪನಿ ತನ್ನ ಹತ್ತಕ್ಕೂ ಹೆಚ್ಚು ಡಿಸ್ಟಿಲರಿಗಳಿಗೆ ಬೀಗ ಹಾಕಿತು. ಐಲಾದಲ್ಲಿ ಅದೇ ಕಂಪನಿಗೆ ಲಗಾವುಲಿನ್ ಇತ್ತು, 1970ರ ದಶಕದಲ್ಲಿ ದೊಡ್ಡದಾಗಿ ಕಟ್ಟಿಸಿದ ಕೋಲ್ ಈಲಾ ಇತ್ತು. ಹೊಗೆ ಮಾಲ್ಟ್ ಅವೆರಡರಿಂದಲೇ ಸಾಕಾಗುತ್ತಿತ್ತು, ಪೋರ್ಟ್ ಎಲೆನ್ ಹೆಚ್ಚುವರಿಯಾಯಿತು. ಈಶಾನ್ಯ ತೀರದ ಬ್ರೋರಾ ಕೂಡ ಅದೇ ವರ್ಷ ಮುಚ್ಚಿತು. ಉಳಿದ ಪೀಪಾಯಿಗಳು ಗೋದಾಮಿನಲ್ಲಿ ಮುದಿಯಾದವು, 2001ರಿಂದ ಅದರ ಉತ್ತರಾಧಿಕಾರಿ ಕಂಪನಿಯೇ ಅವನ್ನು ವರ್ಷಕ್ಕೊಂದು ಕಂತಿನಂತೆ ಮಾರಿತು, ಬೆಲೆ ಏರುತ್ತ ಹೋಯಿತು. ಅಂದರೆ ಈ ಅಪರೂಪವನ್ನು ಹುಟ್ಟಿಸಿದ್ದು ಲೆಕ್ಕಪುಸ್ತಕ. ರುಚಿ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ, ಅವುಗಳಲ್ಲಿ ಕೆಲವು ಅದ್ಭುತವಾಗಿವೆ. ಆದರೆ ನೀವು ತೆರುವ ಹಣದ ಬಹುಪಾಲು ಹೋಗುವುದು ಆ ಬೀಗಕ್ಕೆ, ಲೋಟದಲ್ಲಿರುವುದಕ್ಕಲ್ಲ. ಆ ಬೀಗವೂ ಈಗ ತೆರೆದಿದೆ: ಬ್ರೋರಾ 2021ರಲ್ಲಿ, ಪೋರ್ಟ್ ಎಲೆನ್ 2024ರಲ್ಲಿ ಮತ್ತೆ ಭಟ್ಟಿಗೆ ಬೆಂಕಿ ಹಾಕಿದವು.

ಇದಕ್ಕೆ ಒಂದು ಗಟ್ಟಿ ಆಕ್ಷೇಪಣೆ ಇದೆ. ಹಳೆಯ ನಾಣ್ಯವನ್ನೋ ಓಲೆಗರಿಯನ್ನೋ ಮುಟ್ಟಿದಾಗ ಆಗುವ ಪುಳಕಕ್ಕೆ ಬೆಲೆಯಿಲ್ಲವೇ? ಇತಿಹಾಸವನ್ನು ನಾಲಿಗೆಯ ಮೇಲೆ ಇಟ್ಟುಕೊಳ್ಳುವ ಆಸೆ ಕೀಳೇನೂ ಅಲ್ಲವಲ್ಲ? ಅಲ್ಲ, ಒಪ್ಪುತ್ತೇನೆ. ಆದರೆ ಲೋಟದಲ್ಲಿರುವುದು ಆ ಇತಿಹಾಸವೇ ಎಂಬುದಕ್ಕೆ ಖಾತ್ರಿ ಬೇಕು. 2017ರಲ್ಲಿ ಸ್ವಿಟ್ಜರ್ಲೆಂಡಿನ ಸೇಂಟ್ ಮೊರಿಟ್ಜ್‌ನ ಹೋಟೆಲೊಂದರಲ್ಲಿ ಚೀನಾದ ಗ್ರಾಹಕರೊಬ್ಬರು 1878ರದೆಂಬ ಮೆಕ್ಯಾಲನ್ ವಿಸ್ಕಿಯ ಒಂದೇ ಲೋಟಕ್ಕೆ 9,999 ಫ್ರಾಂಕ್ ಕೊಟ್ಟರು. ಅನುಮಾನ ಬಂದು ಪರೀಕ್ಷೆ ಮಾಡಿಸಿದಾಗ ಅದು ಬಹುಶಃ 1970ರಿಂದ 1972ರ ನಡುವಿನದು, ಸಿಂಗಲ್ ಮಾಲ್ಟೂ ಅಲ್ಲ ಎಂದು ತಿಳಿಯಿತು. ಹೋಟೆಲೂ ಮೋಸಹೋಗಿತ್ತು, ಅದು ಹಣ ಹಿಂದಿರುಗಿಸಿತು. ಇದನ್ನು ಪತ್ತೆ ಹಚ್ಚುವ ವಿಧಾನ ಸೊಗಸಾದದ್ದು. 1950ರ ದಶಕದ ಅಣುಬಾಂಬ್ ಪರೀಕ್ಷೆಗಳಿಂದ ಗಾಳಿಯಲ್ಲಿ ವಿಕಿರಣಶೀಲ ಇಂಗಾಲ ಹೆಚ್ಚಾಯಿತು. ಆ ಗಾಳಿಯನ್ನು ಉಸಿರಾಡಿ ಬೆಳೆದ ಬಾರ್ಲಿಯಲ್ಲಿ ಅದರ ಗುರುತು ಉಳಿಯಿತು, ಬಾರ್ಲಿಯಿಂದ ಮದ್ಯಕ್ಕೂ ಬಂತು. 2018ರಲ್ಲಿ ಸ್ಕಾಟ್ಲೆಂಡಿನ ಪ್ರಯೋಗಾಲಯವೊಂದು ಹೀಗೆ 55 ಅಪರೂಪದ ಬಾಟಲಿಗಳನ್ನು ಪರೀಕ್ಷಿಸಿದಾಗ 21 ಖೋಟಾ ಎಂದೋ ಹೇಳಿದ ವರ್ಷದವಲ್ಲವೆಂದೋ ತೇಲಿತು. ಒಳ್ಳೆಯ ಪಬ್ಬುಗಳು ಮೂಲ ನೋಡಿಯೇ ಕೊಳ್ಳುತ್ತವೆ, ನಿಜ. ಆದರೂ ಬೆಲೆ ಎಷ್ಟು ಏರುತ್ತದೋ ಖೋಟಾ ಮಾಡುವವರ ಹುರುಪೂ ಅಷ್ಟೇ ಏರುತ್ತದೆ. ಅರವತ್ತು ಪೌಂಡಿನ ಬಾಟಲಿಯನ್ನು ಖೋಟಾ ಮಾಡುವ ಕಷ್ಟ ಪಡುವವರು ಕಡಿಮೆ.

ವಯಸ್ಸಿನ ಅಂಕಿಯೂ ಅಷ್ಟೇ ದಾರಿ ತಪ್ಪಿಸುತ್ತದೆ. ಸ್ಕಾಟ್ಲೆಂಡಿನ ಕಾನೂನಿನಂತೆ ವಿಸ್ಕಿ ಓಕ್ ಪೀಪಾಯಿಯಲ್ಲಿ ಕನಿಷ್ಠ 3 ವರ್ಷ ಕೂರಬೇಕು, ಬಾಟಲಿಯ ಮೇಲೆ ಬರೆಯುವ ವಯಸ್ಸು ಅದರಲ್ಲಿ ಸೇರಿದ ಅತಿ ಎಳೆಯ ವಿಸ್ಕಿಯದಾಗಿರಬೇಕು. ಅಷ್ಟನ್ನು ಮಾತ್ರ ಆ ಅಂಕಿ ಹೇಳುತ್ತದೆ. ಹದ ಬಂದಿದೆಯೋ ಹದ ಮೀರಿದೆಯೋ ಹೇಳುವುದಿಲ್ಲ. ತಂಪು ನಾಡಿನಲ್ಲಿ ಪೀಪಾಯಿಯಿಂದ ವರ್ಷಕ್ಕೆ ಶೇ. 2ರಷ್ಟು ಆವಿಯಾಗುತ್ತದೆ, ಅದನ್ನು ದೇವತೆಗಳ ಪಾಲು ಎನ್ನುತ್ತಾರೆ. ಬೆಂಗಳೂರಿನಲ್ಲಿ ಆ ಪಾಲು ಶೇ. 10ರಿಂದ 12. ಇಲ್ಲಿ 12 ವರ್ಷ ಇಟ್ಟರೆ ಪೀಪಾಯಿಯಲ್ಲಿ ಉಳಿಯುವುದು ಹೆಚ್ಚುಕಡಿಮೆ ಕಾಲು ಭಾಗ, ಅಲ್ಲಿ ಮುಕ್ಕಾಲಿಗಿಂತ ಹೆಚ್ಚು. ಸೆಕೆಯಲ್ಲಿ ಮರದ ಸಾರ ಬೇಗ ಇಳಿಯುತ್ತದೆ. ಅದಕ್ಕೇ ಬೆಂಗಳೂರಿನ ಅಮೃತ್ ಸಂಸ್ಥೆ ವಯಸ್ಸನ್ನೇ ಬರೆಯದ ಸಿಂಗಲ್ ಮಾಲ್ಟನ್ನು 2004ರಲ್ಲಿ ಗ್ಲಾಸ್ಗೋದಲ್ಲೇ, ಸ್ಕಾಚಿನ ಮನೆಯಂಗಳದಲ್ಲೇ ಬಿಡುಗಡೆ ಮಾಡಿ ಗೆದ್ದಿತು. ವಿಮರ್ಶಕ ಜಿಮ್ ಮರ್ರಿ ಅದರ ಫ್ಯೂಷನ್ ವಿಸ್ಕಿಯನ್ನು ತನ್ನ ವಿಸ್ಕಿ ಕೈಪಿಡಿಯ 2010ರ ಆವೃತ್ತಿಯಲ್ಲಿ ಜಗತ್ತಿನ ಮೂರನೆಯ ಸ್ಥಾನದಲ್ಲಿಟ್ಟ. ಸ್ಕಾಟ್ಲೆಂಡಿನಲ್ಲೂ 35 ವರ್ಷ ಕೂತದ್ದು 15ರದಕ್ಕಿಂತ ರುಚಿಯಾಗಿಯೇ ಇರಬೇಕೆಂದೇನಿಲ್ಲ. ಮರದ ಒಗರು ಏರಿ, ಬಾರ್ಲಿಯ ಮೂಲ ಸ್ವಾದ ಅಡಿಗೆ ಬಿದ್ದ ಮುದಿ ವಿಸ್ಕಿಗಳು ಬೇಕಾದಷ್ಟಿವೆ.

ಹಾಗಾದರೆ ಏನು ಕೇಳಬೇಕು? ಸಿಂಗಲ್ ಮಾಲ್ಟ್ ಎಂದರೆ ಒಂದೇ ಪೀಪಾಯಿಯದೆಂದು ಬಹಳ ಜನ ತಿಳಿದಿದ್ದಾರೆ. ಅಲ್ಲಿನ ‘ಸಿಂಗಲ್’ ಎಂಬ ಮಾತು ಡಿಸ್ಟಿಲರಿಗೆ ಸಂಬಂಧಿಸಿದ್ದು. ಅಂಗಡಿಯ 12 ವರ್ಷದ ಬಾಟಲಿ ಒಂದೇ ಡಿಸ್ಟಿಲರಿಯ ಎಷ್ಟೋ ಪೀಪಾಯಿಗಳ ಬೆರಕೆ, ಈ ವರ್ಷವೂ ಮುಂದಿನ ವರ್ಷವೂ ಒಂದೇ ರುಚಿ ಬರಲೆಂದು ಮಾಡಿದ್ದು. ಆದರೆ ಲೇಬಲ್ಲಿನ ಮೇಲೆ ಪೀಪಾಯಿಯ ಸಂಖ್ಯೆ ಬರೆದು, ನೀರು ಬೆರೆಸಿ ತೆಳುಮಾಡದೆ ತುಂಬಿದ ಬಾಟಲಿಗಳಿವೆ. 250 ಲೀಟರಿನ ಹಾಗ್ಸ್‌ಹೆಡ್ ಪೀಪಾಯಿಯೊಂದು 25 ವರ್ಷದಲ್ಲಿ ದೇವತೆಗಳ ಪಾಲು ಕಳೆದು ಸುಮಾರು 150 ಲೀಟರಿಗೆ ಇಳಿಯುತ್ತದೆ. 700 ಮಿಲಿಯ ಇನ್ನೂರು ಚಿಲ್ಲರೆ ಬಾಟಲಿ, ಅಲ್ಲಿಗೆ ಆ ರುಚಿ ಜಗತ್ತಿನಿಂದ ಮುಗಿದಂತೆ. ಲೆಕ್ಕದಲ್ಲಿ ಇದು ಬಹಳಷ್ಟು ಪೋರ್ಟ್ ಎಲೆನ್ ಕಂತುಗಳಿಗಿಂತ ಅಪರೂಪ. ಅದರಲ್ಲೂ ಬ್ಲೆಂಡ್‌ಗಳಿಗಾಗಿಯೇ ದುಡಿಯುವ, ಸ್ವಂತ ಹೆಸರಿನಲ್ಲಿ ಅಷ್ಟಾಗಿ ಕಾಣಿಸಿಕೊಳ್ಳದ ಡಿಸ್ಟಿಲರಿಗಳನ್ನು ಹುಡುಕಬೇಕು. ಎಲ್ಗಿನ್ ಪಟ್ಟಣದ ಹತ್ತಿರದ ಲಿಂಕ್‌ವುಡ್ ಹೂವಿನಂತೆ ಹಗುರ. ಬೆನ್‌ರಿನ್ನಿಸ್‌ನಲ್ಲಿ ಆವಿಯನ್ನು ತಣಿಸುವುದು ತಣ್ಣೀರಿನ ತೊಟ್ಟಿಯಲ್ಲಿ ಮುಳುಗಿಸಿದ ತಾಮ್ರದ ಸುರುಳಿ ಕೊಳವೆಯಲ್ಲಿ. ಅಲ್ಲಿ ಆವಿಗೆ ತಾಮ್ರದ ಸಂಗ ಕಡಿಮೆ ಸಿಕ್ಕಿ ಗಂಧಕದ ಅಂಶ ಉಳಿಯುತ್ತದೆ, ವಿಸ್ಕಿ ಮಾಂಸದ ಸಾರಿನಂತೆ ದಪ್ಪವಾಗುತ್ತದೆ. ಇವೆರಡನ್ನೂ ಅಕ್ಕಪಕ್ಕ ಇಟ್ಟು ಒಂದೊಂದು ಗುಟುಕು ಕುಡಿದವರಿಗೆ ಆವಿಯನ್ನು ತಣಿಸುವ ವಿಧಾನ ರುಚಿಯನ್ನು ಹೇಗೆ ಬದಲಿಸುತ್ತದೆಂದು ಯಾರೂ ವಿವರಿಸಬೇಕಾಗಿಲ್ಲ. ಮನೆಗೆ ಎರಡು ಇಡೀ ಬಾಟಲಿ ತಂದು ಹೀಗೆ ಹೋಲಿಸುವುದು ಎಷ್ಟು ಜನರಿಗೆ ಸಾಧ್ಯ? ಲೋಟದ ಲೆಕ್ಕದಲ್ಲಿ ಮಾರುವ ಪಬ್ಬಿನ ನಿಜವಾದ ಉಪಕಾರ ಅದೇ.

ಕುಡಿದ ಮೇಲೆ ರುಚಿಗೆ ಹೆಸರಿಡಲು ಅಲ್ಲಿಯವರ ಹೆದರ್ ಹೂವು, ಗೂಸ್‌ಬೆರಿಗಳನ್ನು ಎರವಲು ತರಬೇಕಿಲ್ಲ. ಜೋನಿಬೆಲ್ಲ, ಹುರಿಗಡಲೆ, ಒಣಶುಂಠಿ, ಹಲಸಿನ ತೊಳೆ, ಮಳೆಗಾಲದಲ್ಲಿ ಒಲೆಯ ಮೇಲೆ ಒಣಗಿಸಿದ ಬಟ್ಟೆಯ ಹೊಗೆ: ನಮ್ಮ ಮೂಗಿಗೆ ಗೊತ್ತಿರುವುದು ಇವು, ಇವುಗಳಿಂದಲೇ ನೆನಪು ನಿಖರವಾಗಿ ಉಳಿಯುತ್ತದೆ.

ಗೊತ್ತಿಲ್ಲದ ಪೀಪಾಯಿ ಕೆಟ್ಟದ್ದಾಗಿ ಬಂದರೆ ಎಂಬ ಹೆದರಿಕೆ ಸಹಜ. ಒಂಟಿ ಪೀಪಾಯಿಯಲ್ಲಿ ಆ ಅಪಾಯ ಇದ್ದೇ ಇದೆ, ಮುಚ್ಚಿಡುವುದು ಬೇಡ. ಅದಕ್ಕೆ ಮದ್ದು ಕೌಂಟರಿನ ಹಿಂದೆ ನಿಂತವರು. ‘ಹೊಗೆ ಇಲ್ಲದ್ದು, ಶೆರ್ರಿ ಪೀಪಾಯಿಯದ್ದಲ್ಲ, ಇಷ್ಟು ಬೆಲೆಯ ಒಳಗೆ’ ಎಂದು ಬಿಡಿಸಿ ಹೇಳಿದರೆ ಅವರು ಆರಿಸಿಕೊಡುತ್ತಾರೆ. ಬಾಟಲಿ ಯಾವಾಗ ತೆರೆದದ್ದು ಎಂದೂ ಕೇಳಬೇಕು. ತಳದಲ್ಲಿ ನಾಲ್ಕು ಬೆರಳಷ್ಟು ಉಳಿದು ವರ್ಷಗಟ್ಟಲೆ ಗಾಳಿ ಕುಡಿದದ್ದರ ಸುವಾಸನೆ ಮಂಕಾಗಿರುತ್ತದೆ, ದುಬಾರಿ ಬಾಟಲಿಗಳಿಗೆ ಈ ಗತಿ ಬರುವುದೇ ಹೆಚ್ಚು. ಬ್ರಿಟನ್ನಿನಲ್ಲಿ ವಿಸ್ಕಿಯನ್ನು 25 ಅಥವಾ 35 ಮಿಲಿಯ ಅಳತೆಯಲ್ಲಿ ಮಾರುತ್ತಾರೆ, ಅಂದರೆ ನಮ್ಮ ಸಣ್ಣ ಪೆಗ್ಗಿನ ಆಚೆಈಚೆ. ಶೇ. 58ರ ಗಡುಸಿನ 25 ಮಿಲಿಯಲ್ಲಿ ಅಲ್ಲಿನ ಲೆಕ್ಕದ ಸುಮಾರು ಒಂದೂವರೆ ಯೂನಿಟ್ ಮದ್ಯ ಇರುತ್ತದೆ. ವಾರಕ್ಕೆ 14 ಯೂನಿಟ್ ಮೀರಬಾರದೆಂಬುದು ಅಲ್ಲಿನ ಆರೋಗ್ಯ ಇಲಾಖೆಯ ಸಲಹೆ. ಮೂರು ಲೋಟ ಎಂದು ಮೊದಲೇ ಹೇಳಿದ್ದು ಅದಕ್ಕೂ ಹೌದು. ಕುಡಿಯದವರನ್ನು ಕುಡಿತಕ್ಕೆ ಎಳೆಯುವ ಉದ್ದೇಶ ಈ ಬರಹಕ್ಕಿಲ್ಲ, ಕುಡಿಯುವವರು ಕಡಿಮೆ ಕುಡಿದು ಹೆಚ್ಚು ಅರಿಯಲಿ ಎಂಬುದಷ್ಟೇ ಆಸೆ. ಹಗುರದ್ದು ಮೊದಲು, ಹೊಗೆಯದ್ದು ಕೊನೆಗೆ, ನಡುನಡುವೆ ನೀರು. ಲೋಟಕ್ಕೂ ನಾಲ್ಕು ಹನಿ ನೀರು ಬಿದ್ದರೆ ಮರ್ಯಾದೆಗೆ ಕುಂದಿಲ್ಲ: ಹೊಗೆವಾಸನೆಯ ಗ್ವಾಯಕಾಲ್ ಎಂಬ ಅಣು ಮದ್ಯದ ಗಡುಸು ತಗ್ಗಿದಾಗ ದ್ರವದ ಮೇಲ್ಮೈಗೆ, ಅಂದರೆ ಮೂಗಿನ ಹತ್ತಿರಕ್ಕೆ ಬರುತ್ತದೆಂದು ಸ್ವೀಡನ್ನಿನ ಇಬ್ಬರು ವಿಜ್ಞಾನಿಗಳು 2017ರಲ್ಲಿ ಕಂಪ್ಯೂಟರ್ ಮಾದರಿಯಿಂದ ತೋರಿಸಿದರು. ಕಾರಿನ ಬೀಗದ ಕೈಯನ್ನು ಮಾತ್ರ ಹೋಟೆಲಿನಲ್ಲೇ ಬಿಟ್ಟು ಬರಬೇಕು. ರಕ್ತದ ಮದ್ಯದ ಮಿತಿ ಇಂಗ್ಲೆಂಡಿನಲ್ಲಿ 100 ಮಿಲಿಗೆ 80 ಮಿಲಿಗ್ರಾಂ, ಸ್ಕಾಟ್ಲೆಂಡಿನಲ್ಲಿ 2014ರಿಂದ 50.

ಹೆಸರಿಲ್ಲದ ಪೀಪಾಯಿಗಳು ಎಂದೆಂದಿಗೂ ಇರುತ್ತವೆ, ದೊಡ್ಡ ಹೆಸರನ್ನು ಮೊದಲು ನೋಡಿಬಿಡೋಣ ಎಂಬ ಮಾತೂ ಉಂಟು. ಅದು ಈಗ ಅಷ್ಟು ನಿಜವಲ್ಲ. ಬೇರೆಯವರ ಡಿಸ್ಟಿಲರಿಗಳ ಮದ್ಯವನ್ನು ತನ್ನ ಪೀಪಾಯಿಗಳಲ್ಲಿ ತುಂಬಿಸಿ, ಮುದಿಯಾಗಿಸಿ, ಡಿಸ್ಟಿಲರಿಯ ಹೆಸರಿನಲ್ಲೇ ಮಾರುತ್ತ ಬಂದ ಎಲ್ಗಿನ್‌ನ ಗಾರ್ಡನ್ ಅಂಡ್ ಮ್ಯಾಕ್‌ಫೇಲ್ ಅಂಗಡಿ 1895ರದು. ಬ್ಲೆಂಡ್‌ಗಳಲ್ಲಿ ಕರಗಿಹೋಗುತ್ತಿದ್ದ ಎಷ್ಟೋ ಮಾಲ್ಟ್‌ಗಳ ರುಚಿ ಲೋಕಕ್ಕೆ ತಿಳಿದದ್ದು ಇಂಥವರಿಂದ. 2024ರಿಂದ ಬೇರೆ ಡಿಸ್ಟಿಲರಿಗಳ ಹೊಸ ಮದ್ಯವನ್ನು ತುಂಬಿಸುವುದಿಲ್ಲ, ತನ್ನ ಸ್ವಂತ ಡಿಸ್ಟಿಲರಿಗಳನ್ನಷ್ಟೇ ನೋಡಿಕೊಳ್ಳುತ್ತೇನೆ ಎಂದು ಆ ಸಂಸ್ಥೆ ಪ್ರಕಟಿಸಿದೆ. ಗೋದಾಮಿನಲ್ಲಿ ಈಗ ಮಲಗಿರುವ ಪೀಪಾಯಿಗಳು ಇನ್ನೂ ಕೆಲವು ದಶಕಗಳಿಗೆ ಸಾಲುತ್ತವೆ. ಅವುಗಳಿಂದ ಬಂದ ಲಿಂಕ್‌ವುಡ್‌ನ ಒಂದು ಲೋಟ ಸದ್ಯಕ್ಕೆ ಕೆಳಗಿನ ಸಾಲಿನಲ್ಲಿ, ಪೋರ್ಟ್ ಎಲೆನ್ನಿನ ಬೆಲೆಯ ಒಂದು ಸಣ್ಣ ಪಾಲಿಗೆ ಸಿಗುತ್ತಿದೆ.