ಮರಳಿನ ಪೆಟ್ಟಿಗೆಯಲ್ಲಿ ಕೃಷ್ಣೆ

ಬಸವಸಾಗರ ಜಲಾಶಯದಿಂದ ಕೃಷ್ಣಾ ಹೊಳೆಗೆ ಇಷ್ಟು ಲಕ್ಷ ಕ್ಯೂಸೆಕ್ ನೀರು ಬಿಟ್ಟಿದ್ದಾರೆ ಎಂದು ಊರೂರಲ್ಲಿ ಡಂಗುರ ಹೊಡೆಸುತ್ತಾರೆ. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಸುಮಾರು 28 ಲೀಟರ್, ಹೆಚ್ಚುಕಡಿಮೆ ಎರಡು ಕೊಡ. ಲಕ್ಷ ಕ್ಯೂಸೆಕ್ ಎಂದರೆ ಸೆಕೆಂಡಿಗೆ ಎರಡು ಲಕ್ಷ ಕೊಡ! ಅಷ್ಟು ನೀರು ಯಾರ ಹೊಲ ದಾಟುತ್ತದೆ, ಯಾವ ಕೊಳವೆಬಾವಿಯ ಬಾಯಿ ಮುಚ್ಚುತ್ತದೆ ಎಂಬುದು ಡಂಗುರದಲ್ಲಿ ಕೇಳಿಸದು. 2019ರ ಆಗಸ್ಟ್‌ನಲ್ಲಿ ಶಹಾಪುರ–ದೇವದುರ್ಗ ರಸ್ತೆಯ ಕೊಳ್ಳೂರು ಸೇತುವೆ ಮುಳುಗಿತು. ಹಳೆಯ ಸುರಪುರ ತಾಲ್ಲೂಕಿನ ನೀಲಕಂಠರಾಯನಗಡ್ಡಿ ಎಂದಿನಂತೆ ನಡುಗಡ್ಡೆಯಾಯಿತು.

ನೀರು ಎಲ್ಲಿ ನುಗ್ಗುತ್ತದೆ ಎಂಬುದನ್ನು ಕಣ್ಣಿಗೆ ಕಾಣಿಸುವ ಒಂದು ಆಟಿಕೆಯುಂಟು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದಲ್ಲಿ ಆಲಿವರ್ ಕ್ರೈಲೋಸ್ ಮತ್ತು ಸಂಗಡಿಗರು ರೂಪಿಸಿದ ಮರಳಿನ ಪೆಟ್ಟಿಗೆ. ಮೇಲೊಂದು ಕಿನೆಕ್ಟ್ ಕ್ಯಾಮೆರಾ. ವಿಡಿಯೊ ಗೇಮ್‌ಗೆಂದು ಹುಟ್ಟಿದ ಇದು ಕಣ್ಣಿಗೆ ಕಾಣದ ಅವಕೆಂಪು ಬೆಳಕು ಚೆಲ್ಲಿ, ಮರಳು ಎಲ್ಲಿ ಎತ್ತರ, ಎಲ್ಲಿ ತಗ್ಗು ಎಂದು ಅಳೆಯುತ್ತಲೇ ಇರುತ್ತದೆ. ಕಂಪ್ಯೂಟರ್ ಆ ಲೆಕ್ಕ ಹಿಡಿದು ಪ್ರೊಜೆಕ್ಟರ್‌ನಿಂದ ಮರಳಿನ ಮೇಲೆಯೇ ಬಣ್ಣ ಹಚ್ಚುತ್ತದೆ. ಗುಡ್ಡ ಕೆಡವಿದರೆ ಬಣ್ಣವೂ ಕೂಡಲೇ ಬದಲು. ಅಂಗೈ ಚಾಚಿ ಹಿಡಿದರೆ ಅದರಡಿ ಮಳೆ. ನೀಲಿ ನೀರು ಇಳಿಜಾರು ಹುಡುಕಿಕೊಂಡು ಹರಿಯುತ್ತದೆ.

ಕಣ್ಣಿಗೆ ಕನ್ನಡಕ ಕಟ್ಟಿಕೊಂಡು ನೋಡುವ ವರ್ಚುವಲ್ ರಿಯಾಲಿಟಿಗಿಂತ ನನಗೆ ಇದೇ ಮೇಲು. ಅಲ್ಲಿ ಒಬ್ಬನಿಗೆ ಕಂಡದ್ದು ಒಬ್ಬನಿಗೇ. ಇಲ್ಲಿ ಹತ್ತು ಹುಡುಗರು ಸುತ್ತ ನಿಂತು ಕೃಷ್ಣೆ–ಭೀಮೆಯರ ದಂಡೆ ಕಟ್ಟಿ, ತಮ್ಮ ಊರನ್ನು ಮೇಲಿಡಬೇಕೋ ಕೆಳಗಿಡಬೇಕೋ ಎಂದು ಜಗಳಾಡಬಹುದು. ಆ ಜಗಳದಲ್ಲೇ ಪಾಠವಿದೆ.

ಆದರೆ ಹೊಳೆ ಇಳಿದ ಮೇಲೆ ಬರುವ ವಾಂತಿಭೇದಿಯನ್ನು ಪೆಟ್ಟಿಗೆ ತಾನಾಗಿ ತೋರಿಸದು. ನಮ್ಮ ಹಳ್ಳಿಗಳಲ್ಲಿ ನಲ್ಲಿ ನೀರು ದಿನವಿಡೀ ಬರುವುದಿಲ್ಲ. ಬಿಟ್ಟಾಗ ಪೈಪಿನಲ್ಲಿ ಒತ್ತಡ, ನಿಲ್ಲಿಸಿದಾಗ ಟೊಳ್ಳು. ಜೋಡಣೆ ಬಿರಿದಿದ್ದರೆ ಪಕ್ಕದ ಚರಂಡಿಯ ನೀರು ಆ ಟೊಳ್ಳಿಗೆ ನುಗ್ಗುತ್ತದೆ. ಬೆಳಿಗ್ಗೆ ಮೊದಲ ಕೊಡ ತುಂಬಿಸಿದವಳ ಮನೆಗೆ ಅದೇ ನೀರು. 1854ರಲ್ಲಿ ಲಂಡನ್ನಿನ ವೈದ್ಯ ಜಾನ್ ಸ್ನೋ ಕಾಲರಾದಿಂದ ಸತ್ತವರನ್ನು ಮನೆಮನೆಗೆ ಗೆರೆ ಎಳೆದು ಗುರುತಿಸಿದಾಗ ಹೆಚ್ಚಿನ ಗೆರೆಗಳು ಬ್ರಾಡ್ ಸ್ಟ್ರೀಟಿನ ಒಂದು ಪಂಪಿನ ಸುತ್ತ ಗುಂಪುಗೂಡಿದ್ದವು. ಅಂಥ ನಕ್ಷೆಯನ್ನು ಶಾಲೆಯ ಮಕ್ಕಳೂ ಬರೆಯಬಲ್ಲರು: ಯಾವ ಓಣಿಯಲ್ಲಿ ಭೇದಿ, ಯಾವ ವಾಲ್ವ್ ಚರಂಡಿಯೊಳಗೆ, ಯಾವ ನಲ್ಲಿಗೆ ಕಟ್ಟೆಯಿಲ್ಲ.

ಈ ನಕ್ಷೆಗೆ ಜೊತೆಯಾಗಿ ನೀರು ಪರೀಕ್ಷಿಸುವ ಒಂದು ಪುಟ್ಟ ಬಾಟಲಿ ಸಾಕು. ಗ್ವಾಲಿಯರ್‌ನ ರಕ್ಷಣಾ ಪ್ರಯೋಗಾಲಯದ ವಿಜ್ಞಾನಿಗಳು 1982ರಲ್ಲಿ ಪ್ರಕಟಿಸಿದ ಪರೀಕ್ಷೆಯಿದು. ನೀರಿಗೆ ಮಲದ ಸೋಂಕು ತಗುಲಿದ್ದರೆ ಅದರಲ್ಲಿನ ಬ್ಯಾಕ್ಟೀರಿಯಾ ಹೈಡ್ರೋಜನ್ ಸಲ್ಫೈಡ್ ಹೊರಬಿಟ್ಟು, ಒಂದೆರಡು ದಿನದಲ್ಲಿ ಬಾಟಲಿ ಕಪ್ಪಾಗುತ್ತದೆ. ಬೆಚ್ಚಗಿರಬೇಕು, ಅಷ್ಟೇ. ಬಹುಪಾಲು ದಿನ ನಮ್ಮ ಯಾದಗಿರಿಯ ಸೆಕೆಗೆ ಇನ್‌ಕ್ಯುಬೇಟರಿನ ಹಂಗಿಲ್ಲ!

ಕ್ಯಾಮೆರಾ, ಪ್ರೊಜೆಕ್ಟರ್ ಸಿಗದಿದ್ದರೆ ಮೇಷ್ಟ್ರುಗಳೇ, ಹೊಳೆದಂಡೆಯ ಮರಳು, ಒಂದು ತಗಡಿನ ತಟ್ಟೆ, ನೀಲಿ ಬೆರೆಸಿದ ಒಂದು ಚೊಂಬು ನೀರು ಹಿಡಿದೇ ಶುರು ಮಾಡಿ. ಬಾಟಲಿ ಕಪ್ಪಾದರೆ ಮಾತ್ರ ಪಾಠ ಮುಗಿಯುವವರೆಗೆ ಕಾಯಬೇಡಿ, ಅಂದೇ ಪಂಚಾಯಿತಿಗೆ ತಿಳಿಸಿ.