ಸೋಲೂರಿನ ಹಣ್ಣೂ ಹಿಮವೂ

ನೀಲಗಿರಿಯ ಸೋಲೂರಿನ ಸುತ್ತಣ ಹಟ್ಟಿಗಳಲ್ಲಿ ಬೇಸಾಯ ಮಾಡುವವರಿಗೆ ಹಿಮದ ಸ್ವಭಾವವನ್ನು ಯಾರೂ ಹೇಳಿಕೊಡಬೇಕಾದುದಿಲ್ಲ. ಡಿಸೆಂಬರ್, ಜನವರಿ ತಿಂಗಳುಗಳ ನಿರಭ್ರವಾದ ರಾತ್ರಿಗಳಲ್ಲಿ ತಗ್ಗಿನ ಹುಲ್ಲುಗಾವಲುಗಳ ಮೇಲೆ ಇಬ್ಬನಿಯು ಹೆಪ್ಪುಗಟ್ಟಿ, ಬೆಳಗಾಗುವಷ್ಟರಲ್ಲಿ ನೆಲವು ಉಪ್ಪು ಚೆಲ್ಲಿದಂತೆ ಬೆಳ್ಳಗಾಗಿ, ಬಿಸಿಲೇರಿದ ಮೇಲೆ ಚಹದ ಚಿಗುರೂ ಆಲೂಗೆಡ್ಡೆಯ ಎಲೆಯೂ ಬೆಂದಂತೆ ಕರಿದಾಗುವುದನ್ನು ಅವರು ಕಂಡುಂಡವರು. ಎಲೆಯನ್ನು ಕೊಲ್ಲುವ ಆ ಶೈತ್ಯವೇ, ಹದವರಿತು ಬಳಸಿದಲ್ಲಿ, ಹಣ್ಣನ್ನು ವರ್ಷವಿಡೀ ಕಾಯಬಲ್ಲುದು.

ಕಾಯತಕ್ಕ ಹಣ್ಣುಗಳಿಗೆ ಈ ಬೆಟ್ಟಗಳಲ್ಲಿ ಕೊರತೆಯಿಲ್ಲ. ಸೀಬೆ, ನೇರಳೆಗಳ ಕುಲಕ್ಕೆ ಸೇರಿ, ಗುಲಾಬಿ ಬಣ್ಣದ ಹೂ ಬಿಡುವ ಗಿಡದಲ್ಲಿ ಮೈಮೇಲೆ ನವಿರಾದ ರೋಮ ಹೊತ್ತು ಕಡುನೇರಳೆಯಾಗಿ ಮಾಗುವ ತವಿಟ್ಟು ಹಣ್ಣು, ಮುಳ್ಳುಪೊದೆಗಳ ಹಳದಿ ಮತ್ತು ಕಪ್ಪು ಹಣ್ಣುಗಳು, ತೋಟದ ಸ್ಟ್ರಾಬೆರಿ, ಇವೆಲ್ಲವೂ ಕೊಯ್ದ ಎರಡು ಮೂರು ದಿನಗಳಲ್ಲಿಯೇ ಬೂಷ್ಟು ಹಿಡಿಯುವಷ್ಟು ಸುಕುಮಾರವಾದವು. ಉದಕಮಂಡಲದ ಆಂಗ್ಲ ಗೃಹಿಣಿಯರು ತವಿಟ್ಟು ಹಣ್ಣಿನಿಂದ ಜೆಲ್ಲಿ ಕಾಯಿಸುತ್ತಿದ್ದರು. ಆದರೆ ಕಾಯಿಸಿದ ಹಣ್ಣಿನಲ್ಲಿ ಸಿಹಿ ಉಳಿದೀತೇ ಹೊರತು ಹಸಿಹಣ್ಣಿನ ಪರಿಮಳ ಉಳಿಯದು.

ಆ ಪರಿಮಳವನ್ನು ಉಳಿಸಬಲ್ಲುದು ಶೈತ್ಯವೇ; ಆದರೆ ಹದವರಿಯಬೇಕು. ಹಣ್ಣಿನೊಳಗಿನ ನೀರು ಹೆಪ್ಪುಗಟ್ಟುವಾಗ ಶೇಕಡಾ 9ರಷ್ಟು ಹಿಗ್ಗುವುದು. ನಿಧಾನವಾಗಿ ಹೆಪ್ಪುಗಟ್ಟಿದರೆ ಹಿಮದ ಹರಳುಗಳು ದೊಡ್ಡವಾಗಿ ಬೆಳೆದು ಹಣ್ಣಿನ ಜೀವಕೋಶಗಳ ಗೋಡೆಗಳನ್ನು ಹರಿಯುವುವು. ಶೀಘ್ರವಾಗಿ ಹೆಪ್ಪುಗಟ್ಟಿದರೆ ಹರಳುಗಳು ಸಣ್ಣವಾಗಿ, ಹಾನಿ ಕಡಿಮೆಯಾಗುವುದು. ಅಮೆರಿಕದ ಕ್ಲಾರೆನ್ಸ್ ಬರ್ಡ್ಸ್‌ಐ ಎಂಬಾತನು 1912ರ ಅನಂತರದ ವರ್ಷಗಳಲ್ಲಿ ಲ್ಯಾಬ್ರಡಾರ್ ಪ್ರಾಂತದಲ್ಲಿದ್ದಾಗ, ಕಡುಚಳಿಯಲ್ಲಿ ಹಿಡಿದೊಡನೆ ಗಟ್ಟಿಯಾದ ಮೀನು ತಿಂಗಳುಗಳ ಮೇಲೂ ತಾಜಾ ರುಚಿಯನ್ನು ಕೊಡುವುದನ್ನು ಕಂಡು, ಆ ನೆಲದ ಜನರ ಅರಿವಿನಿಂದಲೇ ಶೀಘ್ರ ಶೈತ್ಯೀಕರಣದ ಉದ್ಯಮವನ್ನು ಕಟ್ಟಿದನು.

ನಮ್ಮ ಮನೆಯ ಫ್ರೀಜರಿಗೆ ಅಷ್ಟು ವೇಗವಿಲ್ಲವಾದುದರಿಂದ, ವೇಗವನ್ನು ನಾವೇ ಉಂಟುಮಾಡಿಕೊಳ್ಳಬೇಕು. ಮಾಗಿದ, ಆದರೆ ಮೆತ್ತಗಾಗದ ಹಣ್ಣುಗಳನ್ನಾರಿಸಿ, ತಣ್ಣೀರಿನಲ್ಲಿ ಮೆಲ್ಲನೆ ತೊಳೆದು (ಸ್ಟ್ರಾಬೆರಿಯ ತೊಟ್ಟನ್ನು ತೊಳೆದ ಮೇಲೆಯೇ ತೆಗೆಯಬೇಕು, ಮೊದಲೇ ತೆಗೆದರೆ ನೀರು ಒಳಹೊಕ್ಕು ಹಣ್ಣು ಸಪ್ಪೆಯಾಗುವುದು), ಹತ್ತಿಬಟ್ಟೆಯ ಮೇಲೆ ಹನಿಯೂ ಉಳಿಯದಂತೆ ಒಣಗಿಸಿ, ಒಂದಕ್ಕೊಂದು ತಾಗದಂತೆ ತಟ್ಟೆಯಲ್ಲಿ ಒಂದೇ ಪದರವಾಗಿ ಹರಡಿ ಫ್ರೀಜರಿನಲ್ಲಿಡತಕ್ಕದ್ದು. ಈ ಒಂದು ಪದರದಲ್ಲಿಯೇ ಸಕಲ ಗುಟ್ಟೂ ಇದೆ. ಒದ್ದೆ ಹಣ್ಣನ್ನು ಚೀಲಕ್ಕೆ ಸುರಿದಿಟ್ಟವರಿಗೆ ಮರುದಿನ ಸಿಗುವುದು ಇಟ್ಟಿಗೆಯಂಥ ಗಡ್ಡೆ. ತಟ್ಟೆಯಲ್ಲಿಟ್ಟವರಿಗೆ ಸಿಗುವುದು ಗೋಲಿಗಳಂತೆ ಗಲಗಲಿಸುವ ಬಿಡಿಹಣ್ಣು. ಅವು ಕಲ್ಲಿನಂತಾದೊಡನೆ ಚೀಲಕ್ಕೆ ತುಂಬಿ, ಗಾಳಿಯನ್ನೆಲ್ಲ ಹಿಂಡಿ ಹೊರಹಾಕಿ ಕಟ್ಟಬೇಕು. ಗಾಳಿ ಉಳಿದರೆ ಹಣ್ಣು ಬಾಡಿ ಸುಕ್ಕುಗಟ್ಟುವುದು. ಹೋಳು ಮಾಡಿದ ಸ್ಟ್ರಾಬೆರಿಯಾದರೆ ಕಿಲೋ ಒಂದಕ್ಕೆ 250 ಗ್ರಾಂ ಸಕ್ಕರೆ ಬೆರೆಸಿ, ಅದು ಕರಗಿದ ಮೇಲೆ ಡಬ್ಬಿಯಲ್ಲಿಡುವುದು ಲೇಸು. ಹಿಗ್ಗುವುದಕ್ಕೆ ಡಬ್ಬಿಯಲ್ಲಿ ಮೇಲ್ಗಡೆ ಅಂಗುಲದಷ್ಟು ಜಾಗ ಬಿಡಬೇಕು.

ಸೊನ್ನೆಗಿಂತ 18 ಡಿಗ್ರಿ ಸೆಲ್ಸಿಯಸ್ ಕೆಳಗಿನ ಶೈತ್ಯದಲ್ಲಿ ಹಣ್ಣು 8ರಿಂದ 12 ತಿಂಗಳು ಬಾಳುವುದು. ಮಳೆಗಾಲದಲ್ಲಿ ವಿದ್ಯುತ್ತು ಹೋದಾಗ ಬಾಗಿಲು ತೆರೆಯದಿದ್ದರೆ, ತುಂಬಿದ ಫ್ರೀಜರು ಎರಡು ದಿನಗಳವರೆಗೂ ತಣ್ಣಗಿರುವುದು. ಕರಗಿದ ಹಣ್ಣು ಮೆತ್ತಗಾಗುವುದು ಅನಿವಾರ್ಯ; ಆದುದರಿಂದ ಪಾನಕಕ್ಕೂ ಜಾಮಿಗೂ ಅದನ್ನು ನೇರವಾಗಿ ಹಾಕಬೇಕು, ಹಾಗೆಯೇ ತಿನ್ನುವುದಾದರೆ ಅರೆ ಕರಗಿದಾಗಲೇ ತಿನ್ನಬೇಕು. ಸ್ಟ್ರಾಬೆರಿ ಪೇಟೆಯಲ್ಲಿ ಮತ್ತೆಯೂ ದೊರೆತೀತು. ಬೇಲಿಯ ತವಿಟ್ಟು ಹಣ್ಣು ಹಾಗಲ್ಲ. ಸೋಲೂರಿನ ತಾಯಂದಿರು ಈ ಸಲ ಅದನ್ನು ಒಂದು ತಟ್ಟೆಯಷ್ಟಾದರೂ ಹೀಗೆ ತೆಗೆದಿಡಬೇಕೆಂದು ನನ್ನ ಬಿನ್ನಹ.