ರಸ್ತೆ ಮುಳುಗಿದರೂ ಕುರ್ಚಿ ಮುಳುಗದು, ಏಕೆ?

2022ರ ಸೆಪ್ಟೆಂಬರ್ ಮೊದಲ ವಾರದ ಮಳೆಗೆ ಬೆಂಗಳೂರಿನ ಹೊರವರ್ತುಲ ರಸ್ತೆ ಕೆರೆಯಾಯಿತು. ಸಾಫ್ಟ್‌ವೇರ್ ನೌಕರರು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದದ್ದನ್ನು ದೇಶವೆಲ್ಲ ಟಿವಿಯಲ್ಲಿ ನೋಡಿತು. ಎಂಟು ತಿಂಗಳ ನಂತರ, 2023ರ ಮೇ 10ರಂದು, ನೆರೆಗೆ ಸಿಕ್ಕಿದ್ದ ಮಹದೇವಪುರ ಕ್ಷೇತ್ರ ಮತ ಹಾಕಿತು. 2008ರಿಂದ ಮೂರು ಸಲ ಬಿಜೆಪಿಯ ಅರವಿಂದ ಲಿಂಬಾವಳಿ ಗೆದ್ದಿದ್ದ ಕ್ಷೇತ್ರವದು. ಆ ಸಲ ಟಿಕೆಟ್ ಪತ್ನಿ ಮಂಜುಳಾ ಅವರಿಗೆ ಸಿಕ್ಕಿತ್ತು. ರಾಜ್ಯದಲ್ಲಿ ಬಿಜೆಪಿ 66 ಸ್ಥಾನಕ್ಕೆ ಕುಸಿದರೂ ಇಲ್ಲಿ 40 ಸಾವಿರಕ್ಕೂ ಹೆಚ್ಚು ಮತಗಳ ಅಂತರದಲ್ಲಿ ಗೆದ್ದಿತು.

'ಜನಕ್ಕೆ ಬುದ್ಧಿಯಿಲ್ಲ' ಎಂದು ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪುಗಳು ತೀರ್ಪು ಕೊಟ್ಟು ಮುಗಿಸುತ್ತವೆ. ನನಗದು ಸೋಮಾರಿ ಉತ್ತರವಾಗಿ ಕಾಣುತ್ತದೆ. ಜನ ಲೆಕ್ಕ ಹಾಕಿಯೇ ಮತ ಹಾಕುತ್ತಾರೆ. ಆಡಳಿತ ಕೆಟ್ಟರೆ ಅದರ ಬೆಲೆ ಶಾಸಕರವರೆಗೆ ಮುಟ್ಟದಂತೆ ದಾರಿಯಲ್ಲೇ ಸೋರಿಹೋಗುವ ವ್ಯವಸ್ಥೆ ಇಲ್ಲಿದೆ. ಯಾವ ಪಕ್ಷದವರು ಕುರ್ಚಿಯಲ್ಲಿದ್ದರೂ ಈ ಮಾತು ಅಷ್ಟೇ ನಿಜ.

ಮೊದಲಿಗೆ, ತಪ್ಪು ಯಾರದು ಎಂದೇ ಗೊತ್ತಾಗುವುದಿಲ್ಲ. ರಾಜಕಾಲುವೆ ಪಾಲಿಕೆಯದು, ನೀರು ಜಲಮಂಡಳಿಯದು, ಬಡಾವಣೆ ಬಿಡಿಎಯದು, ಕೈಗಾರಿಕಾ ಜಮೀನು ಕೆಐಎಡಿಬಿಯದು. ಒಬ್ಬರ ಕಡೆ ಬೆರಳು ತೋರಿಸಿದರೆ ಅವರು ಮುಂದಿನವರ ಕಡೆ ತೋರಿಸುತ್ತಾರೆ. ಇದರ ಮೇಲೆ, ಬಿಬಿಎಂಪಿಯ ಚುನಾಯಿತ ಕೌನ್ಸಿಲ್‌ನ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿದ ಮೇಲೆ ಚುನಾವಣೆಯೇ ನಡೆಯಲಿಲ್ಲ. 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿಯೇ ಹೋಗಿ ಐದು ಪಾಲಿಕೆಗಳು ಬಂದವು. ಹೀಗಾಗಿ 2022ರ ನೆರೆ ಬಂದಾಗ ಬಾಗಿಲು ತಟ್ಟಲು ಕಾರ್ಪೊರೇಟರ್ ಇರಲಿಲ್ಲ. ಆಗ ಎಲ್ಲ ಕೆಲಸಕ್ಕೂ ಶಾಸಕರ ಮನೆಯೇ ಗತಿ. ಕೆಲಸವಾದರೆ ಹೆಸರು ಅವರಿಗೆ, ಆಗದಿದ್ದರೆ ಬೈಗುಳ ಅಧಿಕಾರಿಗೆ.

ಎರಡನೆಯದು ಮತದಾರರ ಪಟ್ಟಿಯ ಗಣಿತ. ಬೆಳ್ಳಂದೂರಿನ ಪಿ.ಜಿ.ಯಲ್ಲಿರುವ ಹುಡುಗನ ಮತ ದಾವಣಗೆರೆಯಲ್ಲೋ ಕಟಕ್‌ನಲ್ಲೋ ಇರುತ್ತದೆ. ಕಟ್ಟಡ ಕೆಲಸಕ್ಕೆ ಬಂದ ಯಾದಗಿರಿಯ ಕುಟುಂಬ ಮತ ಹಾಕಲು ಊರಿಗೆ ಹೋಗುತ್ತದೆ. ಅಂದರೆ ನೀರಲ್ಲಿ ನಿಂತವರಲ್ಲಿ ಬಹಳ ಜನ ಇಲ್ಲಿನ ಮತದಾರರೇ ಅಲ್ಲ. ಪಟ್ಟಿಯಲ್ಲಿರುವವರಲ್ಲೂ ನಗರದಲ್ಲಿ ಬೂತಿಗೆ ಬರುವವರು ಅರ್ಧಕ್ಕಿಂತ ತುಸು ಹೆಚ್ಚು. 2024ರ ಲೋಕಸಭಾ ಚುನಾವಣೆಯಲ್ಲಿ ಬೆಂಗಳೂರಿನ ಮೂರೂ ಕ್ಷೇತ್ರಗಳಲ್ಲಿ ಮತದಾನ ಶೇ 53–54ರ ಆಸುಪಾಸು ಇತ್ತು. ಅರ್ಧ ಜನ ಬಂದು, ಅದರಲ್ಲಿ ಅರ್ಧ ಸಿಕ್ಕರೆ ಗೆಲುವು. ನಾಲ್ವರಲ್ಲಿ ಒಬ್ಬರನ್ನು ಕೈಬಿಡದೆ ನೋಡಿಕೊಂಡರೆ ಸಾಕು.

ಆ ಒಬ್ಬರು ಯಾರು? ಹಳೆಯ ಊರುಗಳವರು, ರೆವಿನ್ಯೂ ಸೈಟಿನಲ್ಲಿ ಮನೆ ಕಟ್ಟಿಕೊಂಡವರು. ಖಾತಾ ಸರಿಯಿಲ್ಲ, ಕಾವೇರಿ ನೀರು ಬಂದಿಲ್ಲ, ಒಳಚರಂಡಿ ಅರೆಬರೆ. 2007ರಲ್ಲಿ ಪಾಲಿಕೆಗೆ ಸೇರಿದ 110 ಹಳ್ಳಿಗಳಿಗೆ ನೀರು ಕೊಡುವ ಕಾವೇರಿ ಐದನೇ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ. ಹದಿನೇಳು ವರ್ಷ! ಅಷ್ಟು ಕಾಲ ಬೋರ್‌ವೆಲ್ ಕೊರೆಸಿದವರು, ಟ್ಯಾಂಕರ್ ಕಳಿಸಿದವರು, ಆಸ್ಪತ್ರೆ ಬೆಡ್ಡಿಗೆ ಫೋನ್ ಮಾಡಿದವರು 'ನಮ್ಮ ಅಣ್ಣ' ಆಗುತ್ತಾರೆ. ವ್ಯವಸ್ಥೆ ನೆಟ್ಟಗಿದ್ದರೆ ಅಣ್ಣನ ಅಗತ್ಯವೇ ಬೀಳುತ್ತಿರಲಿಲ್ಲ. ಆಡಳಿತ ಕೆಟ್ಟಷ್ಟೂ ಅಣ್ಣನ ಬೆಲೆ ಏರುತ್ತದೆ. ಅಣ್ಣ ಸೋತರೆ ತಮ್ಮ ಫೈಲು ಯಾರು ಹಿಡಿದು ಓಡಾಡುತ್ತಾರೆ ಎಂಬ ಭಯವೂ ಇದ್ದೇ ಇದೆ.

ಈ ನಂಟು ಪಕ್ಷಕ್ಕಿಂತ ಗಟ್ಟಿ. ಕೆ.ಆರ್. ಪುರದಲ್ಲಿ ಬೈರತಿ ಬಸವರಾಜ್ 2013, 2018ರಲ್ಲಿ ಕಾಂಗ್ರೆಸ್ಸಿನಿಂದ ಗೆದ್ದರು. 2019ರಲ್ಲಿ ರಾಜೀನಾಮೆ ಕೊಟ್ಟರು, ಅನರ್ಹರಾದರು. ಅದೇ ಡಿಸೆಂಬರಿನ ಉಪಚುನಾವಣೆಯಲ್ಲಿ ಬಿಜೆಪಿಯಿಂದ ಗೆದ್ದರು, 2023ರಲ್ಲಿ ಮತ್ತೆ ಗೆದ್ದರು. ಬಾವುಟ ಬದಲಾಯಿತು, ಅದನ್ನು ಹಿಡಿದ ಕೈ ಬದಲಾಗಲಿಲ್ಲ.

ದನಿ ಎತ್ತಬಲ್ಲವರ ಕಥೆಯೇ ಬೇರೆ. ಅರ್ಥಶಾಸ್ತ್ರಜ್ಞ ಆಲ್ಬರ್ಟ್ ಹರ್ಷ್‌ಮನ್ 1970ರಲ್ಲೇ ಇದನ್ನು ವಿವರಿಸಿದ್ದರು: ಸಂಸ್ಥೆ ಕೆಟ್ಟಾಗ, ಗಟ್ಟಿಯಾಗಿ ಕೇಳಬಲ್ಲವರಿಗೆ ಹೊರಬೀಳುವ ದಾರಿ ಸಿಕ್ಕರೆ ಕೇಳುವವರೇ ಉಳಿಯುವುದಿಲ್ಲ. ಎಲೆಕ್ಟ್ರಾನಿಕ್ ಸಿಟಿಗೆ 2013ರಲ್ಲಿ ಎಲ್ಸಿಟಾ ಎಂಬ ಸ್ವಂತ ಟೌನ್‌ಶಿಪ್ ಪ್ರಾಧಿಕಾರ ಬಂತು. ತೆರಿಗೆ, ರಸ್ತೆ, ದೀಪ ಎಲ್ಲ ಅದರದೇ ಜವಾಬ್ದಾರಿ. ಒಳಗೆ ಅಚ್ಚುಕಟ್ಟು. ಗೇಟು ದಾಟಿ ದೊಡ್ಡತೋಗೂರಿನ ಗಲ್ಲಿಗೆ ಬಂದರೆ ಬೇರೆಯೇ ಲೋಕ. ಅಪಾರ್ಟ್‌ಮೆಂಟುಗಳೂ ಹಾಗೆಯೇ: ಸ್ವಂತ ಬೋರ್‌ವೆಲ್, ಜನರೇಟರ್, ಎಸ್‌ಟಿಪಿ. ತಿಂಗಳ ನಿರ್ವಹಣಾ ಶುಲ್ಕ ಕಟ್ಟಿದ ಮೇಲೆ ಶಾಸಕರ ಹತ್ತಿರ ಏನು ಕೆಲಸ?

ಕುರ್ಚಿ ಅಲುಗಾಡುವುದೇ ಇಲ್ಲ ಎಂದಲ್ಲ. ಪೀಣ್ಯದ ಕಾರ್ಖಾನೆಗಳನ್ನು ಒಳಗೊಂಡ ದಾಸರಹಳ್ಳಿಯಲ್ಲಿ ಬಿಜೆಪಿಯ ಎಸ್. ಮುನಿರಾಜು ಎರಡು ಸಲ ಗೆದ್ದು 2018ರಲ್ಲಿ ಜೆಡಿಎಸ್‌ನ ಆರ್. ಮಂಜುನಾಥ್ ಎದುರು ಸೋತರು, 2023ರಲ್ಲಿ ಮರಳಿದರು. ಅಲ್ಲಿ ಲೇತ್ ಮೆಷಿನ್ ಮುಂದೆ ನಿಂತು ದುಡಿಯುವವರಲ್ಲಿ ಅನೇಕರು ಹೆಗ್ಗನಹಳ್ಳಿ, ರಾಜಗೋಪಾಲನಗರದಲ್ಲೇ ಸಂಸಾರ ಹೂಡಿದವರು. ಗುಂಡಿಯೂ ಅಲ್ಲೇ, ಬೂತೂ ಅಲ್ಲೇ. ಜೊತೆಗೆ ನಂಬಿ ಮತ ಹಾಕಬಹುದಾದ ಎದುರಾಳಿಯೂ ಇದ್ದ. 'ಇವರನ್ನ ಬಿಟ್ಟರೆ ಇನ್ಯಾರು?' ಎಂಬ ಪ್ರಶ್ನೆಗೆ ಉತ್ತರ ಸಿಕ್ಕ ಕಡೆ ಜನ ಬದಲಾಯಿಸುತ್ತಾರೆ.

ಆ ಬದಲಾವಣೆಯಲ್ಲಿ ನಿಮ್ಮ ಮತವೂ ಸೇರಬೇಕಲ್ಲವೇ? ನೀವು ಬೆಂಗಳೂರಿನಲ್ಲಿ ಬಾಡಿಗೆಗಿದ್ದು ಹೆಸರು ಇನ್ನೂ ಊರಿನ ಪಟ್ಟಿಯಲ್ಲಿದ್ದರೆ, ನಮೂನೆ 8 ತುಂಬಿ ಇಲ್ಲಿಗೆ ವರ್ಗಾಯಿಸಿಕೊಳ್ಳಿ. ಹೊಸಬರಿಗೆ ನಮೂನೆ 6. ಸ್ವಂತ ಮನೆ ಬೇಕಿಲ್ಲ, ಇಲ್ಲಿ ವಾಸವಿದ್ದರೆ ಸಾಕು. ಸಹಾಯವಾಣಿ 1950.